ಚಿಕ್ಕವರಿಗೆ ಚಿತ್ರ ಕಲಿಸುವುದು ಹೇಗೆ?



ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನನ್ನ ತಮ್ಮ ಒಂದನೇ ತರಗತಿ. ಹೋದ ತಿಂಗಳು ಅವನು ಬಸ್ಸಿನ ಚಿತ್ರ ಬರೆದು ತಂದು ತೋರಿಸಿದ. ಬಸ್ಸಿಗೆ ನಾಲ್ಕು ಚಕ್ರವೂ ಕಾಣುತ್ತಿದ್ದವು, ಎರಡು ಕೆಳಗೆ, ಎರಡು ಮೇಲೆ. ಡ್ರೈವರಂತೂ ಬಸ್ಸಿಗಿಂತ ದೊಡ್ಡವನು! ನಾನು ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿದವನು ನೋಡಿ, ಸುಮ್ಮನಿರಲು ಆಗಲಿಲ್ಲ. "ಲೋ, ಚಕ್ರ ಎಲ್ಲಾದರೂ ಬಸ್ಸಿನ ಮೇಲಿರುತ್ತೇನೋ?" ಅಂತ ನಕ್ಕು, ರಬ್ಬರು ತಗೊಂಡು ಮೇಲಿನ ಎರಡು ಚಕ್ರ ಅಳಿಸಿದೆ. ಡ್ರೈವರನ್ನೂ ಚಿಕ್ಕವನನ್ನಾಗಿ ಮಾಡಿದೆ. ತಮ್ಮ ಏನೂ ಅನ್ನಲಿಲ್ಲ. ಆದರೆ ಅವತ್ತಿನಿಂದ ಚಿತ್ರ ಬರೆಯುವುದನ್ನೇ ಬಿಟ್ಟ. ಬರಿ ಅಂದರೆ "ನಂಗೆ ಬರಲ್ಲ, ನೀನೇ ಬರೆದುಕೊಡು" ಅನ್ನುತ್ತಾನೆ.

ನನಗೆ ಬೇಜಾರಾಯಿತು. ನಮ್ಮ ಡ್ರಾಯಿಂಗ್ ಮೇಷ್ಟ್ರ ಹತ್ತಿರ ಹೋಗಿ ಹೇಳಿಕೊಂಡೆ. ಅವರು ಹೇಳಿದ್ದನ್ನೂ, ಅವರು ಕೊಟ್ಟ ಪುಸ್ತಕಗಳಲ್ಲಿ ಓದಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಬಡಗಿಯ ಮನೆಯ ಮಕ್ಕಳು

ಯುರೋಪಿನ ಆಸ್ಟ್ರಿಯಾ ದೇಶದ ರಾಜಧಾನಿ ವಿಯೆನ್ನಾ. 1885ರಲ್ಲಿ ಫ್ರಾಂಜ್ ಚಿಜೆಕ್ ಎಂಬ ಹುಡುಗ ಚಿತ್ರಕಲೆ ಓದಲು ಆ ಊರಿಗೆ ಬಂದ. ಆಗ ಅವನಿಗೆ ಸುಮಾರು ಇಪ್ಪತ್ತು ವರ್ಷ. ಒಬ್ಬ ಬಡಗಿಯ ಮನೆಯಲ್ಲಿ ಕೋಣೆ ಹಿಡಿದು ಇದ್ದ. ಆ ಮನೆಯ ಮಕ್ಕಳು ಅವನ ಕೋಣೆಗೆ ಬಂದು, ಅವನು ಚಿತ್ರ ಬರೆಯುವುದನ್ನು ನೋಡಿ, "ನಮಗೂ ಕೊಡಿ" ಅಂತ ಗಂಟುಬಿದ್ದರು. ಅವನು ಕಾಗದ, ಬಣ್ಣ ಕೊಟ್ಟ. ಅವರು ಬರೆದದ್ದು ನೋಡಿ ಅವನಿಗೇ ಆಶ್ಚರ್ಯವಾಯಿತು.

ಇನ್ನೊಂದು ಸಂಗತಿ. ಅವನ ಕಿಟಕಿಯ ಎದುರು ಒಂದು ಹಲಗೆ ಬೇಲಿ ಇತ್ತು. ಬೀದಿಯ ಹುಡುಗರು ಚಾಕ್‌ಪೀಸು ಹಿಡಿದು ಆ ಬೇಲಿಯ ಮೇಲೆ ಚಿತ್ರ ಬರೆಯುತ್ತಿದ್ದರು. ಜಾಗಕ್ಕಾಗಿ ಜಗಳವನ್ನೂ ಆಡುತ್ತಿದ್ದರಂತೆ! ಆಗ ಶಾಲೆಗಳಲ್ಲಿ ಡ್ರಾಯಿಂಗ್ ಅಂದರೆ ಮಾದರಿ ನೋಡಿಕೊಂಡು ನಕಲು ಮಾಡುವುದು. ಶಾಲೆಯಲ್ಲಿ ಬೇಸರದಿಂದ ಗೆರೆ ಎಳೆಯುವ ಹುಡುಗರೇ ಬೇಲಿಯ ಮೇಲೆ ಇಷ್ಟು ಜೀವ ತುಂಬಿ ಬರೆಯುತ್ತಾರಲ್ಲ ಅಂತ ಚಿಜೆಕ್ ಯೋಚಿಸಿದ. ಮಕ್ಕಳ ಚಿತ್ರಗಳನ್ನು ತನ್ನ ಕಲಾವಿದ ಗೆಳೆಯರಿಗೆ ತೋರಿಸಿದ. ಅವರು ಹುರಿದುಂಬಿಸಿದರು. 1897ರಲ್ಲಿ ಮಕ್ಕಳಿಗಾಗಿಯೇ ಒಂದು ಚಿತ್ರಕಲಾ ತರಗತಿ ತೆರೆದ. ಫೀಸು ಇಲ್ಲ. ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಪಾಠ. ಅಲ್ಲಿ ಮಾದರಿ ನೋಡಿ ನಕಲು ಮಾಡಿಸುತ್ತಿರಲಿಲ್ಲ. ಮಕ್ಕಳ ಚಿತ್ರವನ್ನು ದೊಡ್ಡವರ ಚಿತ್ರದ ಹಾಗೆ ತಿದ್ದುತ್ತಿರಲಿಲ್ಲ. ಆ ತರಗತಿ ಸುಮಾರು ನಲವತ್ತು ವರ್ಷ ನಡೆಯಿತು.

ಮೊದಲ ಮಹಾಯುದ್ಧ ಮುಗಿದ ಮೇಲೆ ವಿಯೆನ್ನಾದ ಮಕ್ಕಳು ಹಸಿವಿನಿಂದ ಕಂಗೆಟ್ಟಿದ್ದರು. 1920ರಲ್ಲಿ ಈ ತರಗತಿಯ ಚಿತ್ರಗಳನ್ನು ಲಂಡನ್ನಿಗೆ ಕಳಿಸಿ ಪ್ರದರ್ಶನ ಮಾಡಿದರು. ಅದರಿಂದ ಬಂದ ಹಣ ಮಕ್ಕಳ ನೆರವಿಗೆ ಹೋಯಿತು. ನೋಡಿದಿರಾ, ಮಕ್ಕಳ ಚಿತ್ರವೇ ಮಕ್ಕಳಿಗೆ ಊಟ ತಂದಿತು.

ಚಿಜೆಕ್ ಅವರ ತರಗತಿಯ ಚಿತ್ರಗಳೆಲ್ಲ ಸ್ವಲ್ಪ ಒಂದೇ ತರಹ ಕಾಣುತ್ತವೆ ಅಂತ ಆಕ್ಷೇಪಿಸಿದವರೂ ಇದ್ದಾರೆ. ಅಂದರೆ, ತಿದ್ದುವುದಿಲ್ಲ ಅಂದುಕೊಂಡವರ ಕೈಯೂ ಮಕ್ಕಳ ಮೇಲೆ ಬೀಳುತ್ತದೆ. ಇನ್ನು ರಬ್ಬರು ಹಿಡಿದ ನನ್ನಂಥವರ ಗತಿ?

ಎರಡು ಪೆಟ್ಟಿಗೆ ಚಿತ್ರಗಳು

ಚಿಜೆಕ್ ಅವರ ಹತ್ತಿರ ಕಲಿತವರಲ್ಲಿ ಒಬ್ಬರು ಫ್ರೀಡ್ಲ್ ಡಿಕರ್-ಬ್ರಾಂಡೈಸ್. ಆಮೇಲೆ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲೂ ಓದಿದರು. ಅವರು ಯಹೂದಿಗಳು. ಹಿಟ್ಲರನ ಕಾಲದಲ್ಲಿ, 1942ರ ಡಿಸೆಂಬರಿನಲ್ಲಿ, ಅವರನ್ನು ಟೆರೆಜಿನ್ ಎಂಬ ಊರಿನ ಸೆರೆಶಿಬಿರಕ್ಕೆ ಸಾಗಿಸಿದರು. ಅಲ್ಲಿ ಅಪ್ಪ ಅಮ್ಮನಿಂದ ಬೇರೆಯಾದ ಮಕ್ಕಳು, ಹಸಿವು, ಕಾಯಿಲೆ. ಫ್ರೀಡ್ಲ್ ಆ ಮಕ್ಕಳನ್ನು ಕೂರಿಸಿಕೊಂಡು ಚಿತ್ರ ಬರೆಸಿದರು. ಕಾಗದ ಸಿಗುತ್ತಿರಲಿಲ್ಲ. ಕಚೇರಿಯ ರದ್ದಿ ಫಾರಂಗಳ ಮೇಲೂ ಬರೆಸಿದರು. ಚಿತ್ರದ ಮೇಲೆ ನಿಮ್ಮ ಹೆಸರು ಬರೆಯಿರಿ ಅಂತ ಹೇಳುತ್ತಿದ್ದರು. ಆ ಶಿಬಿರದಲ್ಲಿ ಮನುಷ್ಯರಿಗೆ ನಂಬರು ಇತ್ತು, ಹೆಸರಿಗೆ ಬೆಲೆ ಇರಲಿಲ್ಲ.

1944ರ ಅಕ್ಟೋಬರಿನಲ್ಲಿ ಅವರನ್ನು ಆಶ್ವಿಟ್ಸ್‌ಗೆ ಸಾಗಿಸಿ ಕೊಂದರು. ಆ ಮಕ್ಕಳಲ್ಲೂ ಹೆಚ್ಚಿನವರು ಉಳಿಯಲಿಲ್ಲ. ಉಳಿದದ್ದು ಎರಡು ಪೆಟ್ಟಿಗೆಗಳಲ್ಲಿದ್ದ ಸುಮಾರು 4,500 ಚಿತ್ರಗಳು. ಅವು ಈಗ ಪ್ರಾಗ್ ನಗರದ ಯಹೂದಿ ಮ್ಯೂಸಿಯಮ್ಮಿನಲ್ಲಿವೆ. ಬರೆದ ಮಗು ಯಾರು ಅಂತ ಇವತ್ತಿಗೂ ಹೇಳಲು ಆಗುವುದು ಆ ಹೆಸರುಗಳಿಂದ. ಇದನ್ನು ಓದಿದಾಗ ನನಗೆ ಆ ರಾತ್ರಿ ಬೇಗ ನಿದ್ದೆ ಬರಲಿಲ್ಲ.

ಮಕ್ಕಳು ಹಾಗೇಕೆ ಬರೆಯುತ್ತಾರೆ?

ಚಿಕ್ಕ ಮಕ್ಕಳು ಕಣ್ಣಿಗೆ ಕಂಡಿದ್ದನ್ನು ಬರೆಯುವುದಕ್ಕಿಂತ ತಮಗೆ ಗೊತ್ತಿದ್ದನ್ನು ಬರೆಯುತ್ತಾರೆ. ಬಸ್ಸಿಗೆ ನಾಲ್ಕು ಕಡೆ ಚಕ್ರ ಇದೆ ಅಂತ ನನ್ನ ತಮ್ಮನಿಗೆ ಗೊತ್ತು, ಅದಕ್ಕೇ ನಾಲ್ಕೂ ಬರೆದ. ಅವನಿಗೆ ಡ್ರೈವರ್ ಅಂದರೆ ದೊಡ್ಡ ಮನುಷ್ಯ, ಅದಕ್ಕೇ ದೊಡ್ಡದಾಗಿ ಬರೆದ. ತಪ್ಪು ಎಲ್ಲಿದೆ ಹೇಳಿ?

ಎರಡು ವರ್ಷದ ಮಗು ಬರೀ ಗೀಚುತ್ತದೆ. ಮೂರು ನಾಲ್ಕು ವರ್ಷಕ್ಕೆ ತಲೆಯಿಂದಲೇ ಕಾಲು ಹೊರಟ ಮನುಷ್ಯ ಬರುತ್ತಾನೆ, ಥೇಟ್ ಕೆರೆಯ ಗೊದಮೊಟ್ಟೆಯ ಹಾಗೆ. ಆರೇಳು ವರ್ಷಕ್ಕೆ ಕೆಳಗೊಂದು ನೆಲದ ಗೆರೆ, ಮೇಲೊಂದು ಆಕಾಶದ ಗೆರೆ. ಕೆಲವರು ಗೋಡೆಯಾಚೆ ಒಳಗೆ ಅಮ್ಮ ರೊಟ್ಟಿ ತಟ್ಟುವುದೂ ಕಾಣುವ ಹಾಗೆ ಮನೆ ಬರೆಯುತ್ತಾರೆ. ಬೇರೆ ಬೇರೆ ದೇಶಗಳ ಮಕ್ಕಳಲ್ಲೂ ಇಂಥ ಚಿತ್ರಗಳು ಕಂಡಿವೆ. ಅಂಬೆಗಾಲಿಟ್ಟ ಮೇಲೇ ಅಲ್ಲವೇ ನಡೆಯುವುದು? ಅಂಬೆಗಾಲಿಡುವ ಮಗುವನ್ನು ಯಾರೂ ಹೊಡೆಯುವುದಿಲ್ಲ.

ನಾವು ಏನು ಮಾಡಬಹುದು?

ನಮ್ಮಲ್ಲಿ ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿದವರು ಇದ್ದೇವೆ. ಶನಿವಾರ ನಮಗೆ ಬೆಳಗಿನ ಶಾಲೆ, ಮಧ್ಯಾಹ್ನ ಬಿಡುವು. ಗುರುಗಳು ಒಪ್ಪಿದರೆ ಶಾಲೆಯ ಜಗುಲಿಯಲ್ಲಿ ಒಂದು ಗಂಟೆ ಚಿಕ್ಕವರನ್ನು ಸೇರಿಸೋಣ.

1. ಕಾಗದಕ್ಕೆ ದುಡ್ಡು ಬೇಡ. ಹಳೇ ಕ್ಯಾಲೆಂಡರು, ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇರುತ್ತದೆ.

2. ಒಲೆಯ ಇದ್ದಿಲು, ಕೆಮ್ಮಣ್ಣು, ಅರಿಶಿನ, ಸೊಪ್ಪಿನ ರಸ ಇದ್ದರೆ ನಾಲ್ಕು ಬಣ್ಣ ಆಯಿತು.

3. ಅವರ ಹಾಳೆಯ ಮೇಲೆ ನಮ್ಮ ಕೈ ಇಡಬಾರದು. "ಹೇಗೆ ಬರೆಯಲಿ?" ಅಂತ ಕೇಳಿದರೆ ನಾವು ಬರೆದು ತೋರಿಸದೆ, "ನೀನು ನೋಡಿದ್ದು ಹೇಗಿತ್ತು?" ಅಂತ ತಿರುಗಿ ಕೇಳೋಣ.

4. "ಇದೇನೋ ಇದು?" ಅಂತ ನಗಬಾರದು. "ಇದರ ಕಥೆ ಹೇಳು" ಅನ್ನೋಣ.

5. ಫಸ್ಟ್, ಸೆಕೆಂಡ್ ಬಹುಮಾನ ಬೇಡ. ಹಿಂದೆ ಹೆಸರು, ತಾರೀಕು ಬರೆಸಿ ಎಲ್ಲವನ್ನೂ ಜೋಪಾನವಾಗಿ ಇಡೋಣ.

ಇನ್ನೊಂದು ಮಾತು. ಈ ಗೋಡೆ ಪತ್ರಿಕೆಯ ಕೆಳಗಿನ ಸಾಲನ್ನು ಮುಂದಿನ ಸಂಚಿಕೆಯಿಂದ ಒಂದನೇ, ಎರಡನೇ ತರಗತಿಯವರಿಗೆ ಬಿಟ್ಟುಕೊಡೋಣ. ಅವರ ಕಣ್ಣಿಗೆ ನಿಲುಕುವ ಎತ್ತರ ಅಷ್ಟೇ.

ನಿನ್ನೆ ರಾತ್ರಿ ತಮ್ಮನ ಮುಂದೆ ಒಂದು ಕ್ಯಾಲೆಂಡರ್ ಹಾಳೆ, ಪೆನ್ಸಿಲ್ ಇಟ್ಟೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಕೇಳಿದ, "ಅಣ್ಣ, ನೀನು ಅಳಿಸಲ್ಲ ತಾನೇ?"

ಇಲ್ಲ ಅಂದೆ. ರಬ್ಬರನ್ನು ಅವನ ಕೈಗೇ ಕೊಟ್ಟೆ.

– ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ