ಎರಡು ಸರ್ವರ್‌ನಲ್ಲಿ ಕಾಪಿ ಇದ್ದರೆ ಡೇಟಾ ಸುರಕ್ಷಿತವೇ?

"ದೊಡ್ಡ ಕಂಪನಿಗಳ ಸರ್ವರ್‌ನಲ್ಲಿ ಎಲ್ಲದಕ್ಕೂ ಇನ್ನೊಂದು ಕಾಪಿ ಇರುತ್ತೆ, ಏನೂ ಕಳೆದುಹೋಗಲ್ಲ." ಈ ಮಾತನ್ನು ನೀವೂ ಕೇಳಿರಬಹುದು. ಕಾಪಿ ಇರುವುದು ನಿಜ. ಆದರೆ ಏನೂ ಕಳೆದುಹೋಗುವುದಿಲ್ಲ ಎನ್ನುವುದು ನಿಜವಲ್ಲ. ಯಾಕೆ ಎಂದು ತಿಳಿಯಲು, ಒಂದು ಡೇಟಾಬೇಸ್‌ನಲ್ಲಿರುವುದು ಇನ್ನೊಂದಕ್ಕೆ ಹೇಗೆ ತಲುಪುತ್ತದೆ ಎಂದು ನೋಡೋಣ. ಇದನ್ನು ರೆಪ್ಲಿಕೇಶನ್ ಎನ್ನುತ್ತಾರೆ.

ಹಳೆಯ ದಿನಸಿ ಅಂಗಡಿಗಳ ಲೆಕ್ಕದಲ್ಲಿ ಎರಡು ಪುಸ್ತಕ ಇರುತ್ತಿದ್ದವು. ನಡೆದ ವ್ಯವಹಾರವನ್ನು ನಡೆದ ಕ್ರಮದಲ್ಲೇ ಬರೆಯುವ ಕಿರ್ದಿ ಒಂದು. ಯಾರ ಬಾಕಿ ಎಷ್ಟು ಎಂದು ಹೆಸರಿನ ಪ್ರಕಾರ ತೋರಿಸುವ ಖಾತೆ ಪುಸ್ತಕ ಇನ್ನೊಂದು. ಡೇಟಾಬೇಸ್‌ನಲ್ಲೂ ಹೀಗೇ. ನಮಗೆ ಕಾಣುವುದು ಖಾತೆ ಪುಸ್ತಕ. ಒಳಗೆ ಪ್ರತಿಯೊಂದು ಬದಲಾವಣೆಯೂ ಸಾಲುಸಾಲಾಗಿ ಒಂದು ಲಾಗ್‌ಗೆ ಸೇರುತ್ತಿರುತ್ತದೆ. ಅದೇ ಅದರ ಕಿರ್ದಿ.

ಎರಡನೇ ಸರ್ವರ್ ಸಿದ್ಧಪಡಿಸುವಾಗ ಮೊದಲು ಇಡೀ ಖಾತೆ ಪುಸ್ತಕವನ್ನು ನಕಲು ಮಾಡುತ್ತಾರೆ. ಡೇಟಾ ಹೆಚ್ಚಿದ್ದರೆ ಇದಕ್ಕೇ ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಅಂಗಡಿ ಮುಚ್ಚಲು ಆಗುವುದಿಲ್ಲ, ವ್ಯಾಪಾರ ನಡೆಯುತ್ತಲೇ ಇರುತ್ತದೆ. ಹಾಗಾಗಿ ನಕಲು ಶುರುವಾದಾಗ ಕಿರ್ದಿ ಯಾವ ಸಾಲಿನಲ್ಲಿತ್ತು ಎಂದು ಗುರುತಿಟ್ಟುಕೊಂಡು, ಆ ಸಾಲಿನಿಂದ ಮುಂದಿನದನ್ನೆಲ್ಲ ಎರಡನೇ ಸರ್ವರ್‌ಗೆ ಕಳಿಸುತ್ತಾ ಹೋಗುತ್ತಾರೆ. ನಡುವೆ ಒಂದೇ ಒಂದು ಸಾಲು ತಪ್ಪಿದರೂ ಲೆಕ್ಕ ತಾಳೆಯಾಗುವುದಿಲ್ಲ.

ಬಹಳಷ್ಟು ಕಡೆ ಮೊದಲ ಸರ್ವರ್ ಎರಡನೆಯದಕ್ಕಾಗಿ ಕಾಯುವುದಿಲ್ಲ. ತನ್ನಲ್ಲಿ ಬರೆದುಕೊಂಡು "ಆಯಿತು" ಎಂದುಬಿಡುತ್ತದೆ. ಎರಡನೆಯದು ಕ್ಷಣ ತಡವಾಗಿ ಹಿಂಬಾಲಿಸುತ್ತದೆ. ಆಪ್‌ನಲ್ಲಿ ವಿಳಾಸ ಬದಲಿಸಿದ ಮೇಲೂ ಸ್ವಲ್ಪ ಹೊತ್ತು ಹಳೆಯದೇ ಕಾಣಲು ಇದೊಂದು ಕಾರಣ (ಬೇರೆ ಕಾರಣಗಳೂ ಇರಬಹುದು, ಎಲ್ಲಕ್ಕೂ ಇದನ್ನೇ ದೂರಬೇಡಿ). ತೊಂದರೆ ಬರುವುದು ಎರಡನೇ ಸರ್ವರ್ ತೀರಾ ಹಿಂದೆ ಬಿದ್ದಾಗ. ಡಿಸ್ಕ್ ತುಂಬಬಾರದೆಂದು ಹಳೆಯ ಲಾಗ್ ಅಳಿಸುತ್ತಿರುತ್ತಾರೆ. ಎರಡನೆಯದು ಓದುವ ಮೊದಲೇ ಅದು ಅಳಿದರೆ ಕೊಂಡಿ ಕಡಿದಂತೆ. ಮತ್ತೆ ಮೊದಲಿನಿಂದ ಇಡೀ ನಕಲು ಮಾಡಬೇಕು.

2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಆದದ್ದು ಇದೇ. ಸಾಫ್ಟ್‌ವೇರ್ ಬರೆಯುವವರು ತಮ್ಮ ಕೋಡ್ ಇಡುವ ತಾಣ ಅದು. ಅಂದು ಸರ್ವರ್ ಮೇಲೆ ಒತ್ತಡ ಹೆಚ್ಚಿ ಎರಡನೇ ಡೇಟಾಬೇಸ್ ಹಿಂದೆ ಬಿತ್ತು, ಬೇಕಾದ ಲಾಗ್ ಅಷ್ಟರಲ್ಲಿ ಅಳಿದಿತ್ತು. ಹೊಸದಾಗಿ ನಕಲು ಮಾಡಲು ಎರಡನೇ ಸರ್ವರ್‌ನ ಫೋಲ್ಡರ್ ಖಾಲಿ ಮಾಡಿದರು. ಆದರೂ ನಕಲು ಶುರುವಾಗಲಿಲ್ಲ. ಫೋಲ್ಡರ್ ಮತ್ತೊಮ್ಮೆ ಅಳಿಸಿ ನೋಡೋಣ ಎಂದು ತಡರಾತ್ರಿ ಒಬ್ಬ ಎಂಜಿನಿಯರ್ ಆದೇಶ ಕೊಟ್ಟರು. ಆದರೆ ಕೊಟ್ಟದ್ದು ಮೊದಲನೇ ಸರ್ವರ್‌ಗೆ. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರೂ, ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಎರಡೂ ಕಾಪಿ ಹೋದವು.

ಹಾಗಾದರೆ ಬ್ಯಾಕಪ್? ದಿನವೂ ಬ್ಯಾಕಪ್ ತೆಗೆಯಬೇಕಿದ್ದ ಸಾಫ್ಟ್‌ವೇರ್‌ನ ಆವೃತ್ತಿ 9.2, ಡೇಟಾಬೇಸ್‌ನದು 9.6. ಹೊಂದಿಕೆಯಾಗದೆ ಬ್ಯಾಕಪ್ ವಿಫಲವಾಗುತ್ತಲೇ ಇತ್ತು. ಅದನ್ನು ತಿಳಿಸುವ ಇಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಕೈಹಿಡಿದದ್ದು ಸುಮಾರು 6 ಗಂಟೆ ಮೊದಲು ಪರೀಕ್ಷೆಯ ಕೆಲಸಕ್ಕೆಂದು ತೆಗೆದಿದ್ದ ಒಂದು ನಕಲು. ಅದನ್ನು ಮರಳಿ ತುಂಬುವ ಕೆಲಸ ಮರುದಿನದವರೆಗೂ ಎಳೆಯಿತು. ಆ 6 ಗಂಟೆಯ ಲೆಕ್ಕ ಮಾತ್ರ ಸಿಗಲೇ ಇಲ್ಲ: ಸುಮಾರು 5,000 ಪ್ರಾಜೆಕ್ಟ್‌ಗಳ ವಿವರ, 5,000 ಕಾಮೆಂಟ್, 700 ಹೊಸ ಬಳಕೆದಾರರು. ಬೇರೆಡೆ ಇಟ್ಟಿದ್ದ ಕೋಡ್ ಉಳಿಯಿತು. ಕಂಪನಿ ಏನನ್ನೂ ಮುಚ್ಚಿಡದೆ ರಿಪೇರಿಯನ್ನೇ ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿತು. ಇದು ಮೆಚ್ಚಬೇಕಾದ ನಡೆ ಎನ್ನುವುದು ನಮ್ಮ ಅಭಿಪ್ರಾಯ.

ಎರಡನೇ ಸರ್ವರ್ ಸರಿಯಾಗಿಯೇ ನಡೆಯುತ್ತಿದ್ದರೂ ಇನ್ನೊಂದು ಅಪಾಯ ಇದ್ದೇ ಇದೆ. ಡೇಟಾಬೇಸ್ ಒಳಗೇ ಯಾರೋ ತಪ್ಪಾಗಿ ಸಾವಿರ ಹೆಸರು ಅಳಿಸಿದರು ಎನ್ನಿ. ಕಿರ್ದಿಗೆ ಅದೂ ಒಂದು ವ್ಯವಹಾರವೇ. ಎರಡನೇ ಸರ್ವರ್ ಅದನ್ನು ಓದಿ ತಾನೂ ಸಾವಿರ ಹೆಸರು ಅಳಿಸುತ್ತದೆ. ಮೊದಲ ಯಂತ್ರ ಸುಟ್ಟುಹೋದರೆ ರೆಪ್ಲಿಕೇಶನ್ ಕಾಪಾಡುತ್ತದೆ, ತಪ್ಪಾಗಿ ಅಳಿಸಿದ್ದರಿಂದ ಅಲ್ಲ. ಇದಕ್ಕಾಗಿಯೇ ಕೆಲವರು ಒಂದು ಸರ್ವರನ್ನು ಬೇಕೆಂದೇ ಕೆಲವು ಗಂಟೆ ಹಿಂದೆ ಓಡಿಸುತ್ತಾರೆ. ಜೊತೆಗೆ ಹಳೆಯ ದಿನಾಂಕದ ಬ್ಯಾಕಪ್ ಬೇರೆಯೇ ಇಡುತ್ತಾರೆ.

ನಿಮ್ಮ ಫೋನ್‌ನಲ್ಲೂ ಇದೇ ಲೆಕ್ಕ. ಗೂಗಲ್ ಫೋಟೋಸ್‌ಗೆ ಹೋಗಿರುವ ಫೋಟೋವನ್ನು ಆ ಆಪ್‌ನಲ್ಲಿ ಡಿಲೀಟ್ ಮಾಡಿದರೆ ಅದು ನಿಮ್ಮ ಗೂಗಲ್ ಖಾತೆಯಿಂದಲೂ ಹೋಗುತ್ತದೆ. ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ, ಆಮೇಲೆ ಇಲ್ಲ. ಫೋನ್‌ನಲ್ಲಿ ಜಾಗ ಬೇಕಾದರೆ ಡಿಲೀಟ್ ಬದಲು "ಫ್ರೀ ಅಪ್ ಸ್ಪೇಸ್" ಒತ್ತಿ, ಅದು ಬ್ಯಾಕಪ್ ಆಗಿರುವ ಫೋಟೋಗಳನ್ನು ಫೋನ್‌ನಿಂದ ಮಾತ್ರ ತೆಗೆಯುತ್ತದೆ. ಮದುವೆ, ಮಗುವಿನ ಫೋಟೋಗಳನ್ನು ಗೂಗಲ್ ಟೇಕ್‌ಔಟ್ ಮೂಲಕ ಇಳಿಸಿಕೊಂಡು ಹಾರ್ಡ್ ಡಿಸ್ಕ್‌ಗೆ ಹಾಕಿ. ಹಾಕಿದ ಮೇಲೆ ನಾಲ್ಕೈದು ಫೋಟೋ ತೆರೆದು, ನಿಜವಾಗಿ ಕಾಣುತ್ತವೆಯೇ ಎಂದು ನೋಡಿ.