ಆರು ಮಂದಿಗೆ ನಾಲ್ಕೂವರೆ ಎಲೆ!

ಆರು ಮಂದಿ ಕೂತು ಉಣ್ಣಬೇಕಾದ ಪಂಕ್ತಿಗೆ ನಾಲ್ಕೂವರೆ ಎಲೆ ಹಾಕಿದರೆ ಹೇಗಿರುತ್ತದೆ? ಅಮೆರಿಕದ ಕಾಲೇಜುಗಳ ಪುರುಷರ ಟೆನಿಸ್ ತಂಡಗಳು ದಶಕಗಳ ಕಾಲ ಬಾಳಿದ್ದು ಇದೇ ಲೆಕ್ಕದಲ್ಲಿ. ಅದೇ ಕಾಲೇಜಿನ ಮಹಿಳೆಯರ ತಂಡಕ್ಕೆ ಮಾತ್ರ ಎಂಟು ತುಂಬು ಎಲೆಗಳು. ಈ ವಿಚಿತ್ರ ಲೆಕ್ಕದ ಹಿಂದೆ ಒಂದು ಕಾನೂನು, ಒಂದು ಜನಪ್ರಿಯ ಆಟ ಮತ್ತು ಸಾಕಷ್ಟು ಹಣದ ಕಥೆಯಿದೆ. ಮಕ್ಕಳ ಕೈಗೆ ರ‍್ಯಾಕೆಟ್ ಕೊಟ್ಟು ಅಮೆರಿಕದ ಕನಸು ಕಾಣುವ ನಮ್ಮ ಪಾಲಕರೂ ತಿಳಿದಿರಬೇಕಾದ ಕಥೆ ಇದು.

ಕಾಲೇಜು ಟೆನಿಸ್ ಎಂದರೆ ಹಗುರವಾದ ಮಾತಲ್ಲ. ಆರ್ಥರ್ ಆಶ್ 1965ರಲ್ಲಿ, ಜಿಮ್ಮಿ ಕಾನರ್ಸ್ 1971ರಲ್ಲಿ, ಜಾನ್ ಮೆಕೆನ್ರೊ 1978ರಲ್ಲಿ ಅಂತರ ಕಾಲೇಜು ಸಿಂಗಲ್ಸ್ ಪ್ರಶಸ್ತಿ ಗೆದ್ದವರು. ನಮ್ಮ ಮಹೇಶ್ ಭೂಪತಿ ಮಿಸಿಸಿಪಿ ವಿಶ್ವವಿದ್ಯಾನಿಲಯದ ಪರವಾಗಿ ಆಡಿ 1995ರಲ್ಲಿ ಅಲಿ ಹಮಾದೆ ಜೊತೆಗೂಡಿ ಡಬಲ್ಸ್ ಪ್ರಶಸ್ತಿ ಪಡೆದರು. ಎರಡೇ ವರ್ಷಗಳ ಬಳಿಕ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದು, ಗ್ರ್ಯಾಂಡ್ ಸ್ಲ್ಯಾಮ್ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿದರು. ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾನಿಲಯಕ್ಕಾಗಿ 2007 ಮತ್ತು 2008ರಲ್ಲಿ ಸತತ ಎರಡು ಬಾರಿ ಸಿಂಗಲ್ಸ್ ಚಾಂಪಿಯನ್ ಆದರು.

ಸೀಟೋ, ಮೂಟೆಯೋ?

ಈ ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್.ಸಿ.ಎ.ಎ. 1906ರಲ್ಲಿ ಹುಟ್ಟಿದ ಈ ಸಂಸ್ಥೆ ಕಾಲೇಜುಗಳನ್ನು ಮೂರು ವಿಭಾಗಗಳಾಗಿ ವಿಂಗಡಿಸಿದೆ. ಮೂರನೆಯ ವಿಭಾಗದಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನವೇ ಇಲ್ಲ. ಹಾರ್ವರ್ಡ್, ಪ್ರಿನ್ಸ್‌ಟನ್ ಮೊದಲಾದ ಐವಿ ಲೀಗ್ ವಿಶ್ವವಿದ್ಯಾನಿಲಯಗಳು ಮೊದಲನೆಯ ವಿಭಾಗದಲ್ಲಿದ್ದರೂ ಆಟ ನೋಡಿ ಹಣ ಕೊಡುವುದಿಲ್ಲ. ಮನೆಯ ಆದಾಯ ನೋಡಿ ಕೊಡುತ್ತವೆ.

ಕೊಡುವ ಕಡೆಗಳಲ್ಲಿ ಎರಡು ಪದ್ಧತಿಗಳಿದ್ದವು. ಒಂದು ಬಸ್ಸಿನ ಸೀಟಿನಂತೆ: ಒಬ್ಬರಿಗೆ ಒಂದು. ಅರ್ಧ ಟಿಕೆಟ್ ಕೊಟ್ಟರೂ ಸೀಟು ಪೂರ್ತಿ ಭರ್ತಿಯಾದಂತೆಯೇ ಲೆಕ್ಕ. ಹಾಗಾಗಿ ಪಡೆದವರಿಗೆ ಸಾಮಾನ್ಯವಾಗಿ ಪೂರ್ತಿ ಶುಲ್ಕ, ಊಟ, ವಸತಿ ಎಲ್ಲವೂ ದೊರೆಯುತ್ತಿತ್ತು. ಮಹಿಳಾ ಟೆನಿಸ್‌ಗೆ ಇಂಥ 8 ಸೀಟುಗಳು. ಇನ್ನೊಂದು ಅಕ್ಕಿಮೂಟೆಯಂತೆ: ಇಷ್ಟು ಮೂಟೆ ಇದೆ, ಯಾರಿಗೆ ಎಷ್ಟು ಸೇರು ಅಳೆಯುತ್ತೀರೋ ನಿಮಗೆ ಬಿಟ್ಟದ್ದು. ಪುರುಷರ ಟೆನಿಸ್‌ಗೆ 4.5 ಮೂಟೆ. ತಂಡವೊಂದು 6 ಸಿಂಗಲ್ಸ್, 3 ಡಬಲ್ಸ್ ಪಂದ್ಯ ಆಡಬೇಕು. ಆರೂ ಮಂದಿಗೆ ಸಮನಾಗಿ ಹಂಚಿದರೆ ತಲಾ ಶೇ. 75, ಒಂಬತ್ತು ಮಂದಿಗೆ ಹಂಚಿದರೆ ಅರ್ಧ. ಉಳಿದದ್ದು ಅಪ್ಪನ ಜೇಬಿನಿಂದ!

ಕಾರಣ ಯಾರು?

ಹುಡುಗರಿಗೇಕೆ ಕಡಿಮೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ 1972ಕ್ಕೆ ಹೋಗಬೇಕು. ಕೇಂದ್ರ ಸರ್ಕಾರದ ನೆರವು ಪಡೆಯುವ ಯಾವ ವಿದ್ಯಾಸಂಸ್ಥೆಯೂ ಲಿಂಗಭೇದ ಮಾಡಕೂಡದೆಂಬ ‘ಟೈಟಲ್ ನೈನ್’ ಎಂಬ ಕಾನೂನು ಆ ವರ್ಷ ಜಾರಿಗೆ ಬಂತು. ಕ್ರೀಡೆಗೂ ಅದು ಅನ್ವಯಿಸಿತು. ಇಲ್ಲಿ ತೊಡಕಾದದ್ದು ಅಮೆರಿಕನ್ ಫುಟ್‌ಬಾಲ್. ಆ ಒಂದು ಆಟಕ್ಕೇ ದೊಡ್ಡ ಕಾಲೇಜುಗಳಲ್ಲಿ 85 ಪೂರ್ಣ ವಿದ್ಯಾರ್ಥಿವೇತನ, ಎಲ್ಲವೂ ಹುಡುಗರಿಗೆ. ತಕ್ಕಡಿಯ ಇನ್ನೊಂದು ತಟ್ಟೆಯನ್ನು ಸರಿದೂಗಿಸಲು ಹುಡುಗಿಯರ ಟೆನಿಸ್, ವಾಲಿಬಾಲ್, ಜಿಮ್ನಾಸ್ಟಿಕ್ಸ್‌ಗೆ ಹೆಚ್ಚು ಕೊಡಬೇಕಾಯಿತು. ಹುಡುಗರ ಸಣ್ಣ ಆಟಗಳಿಂದ ಕಡಿತವಾಯಿತು. ಹುಡುಗರ ಟೆನಿಸ್‌ನ ಎಲೆಯನ್ನು ಹುಡುಗಿಯರು ಕಸಿದರೆಂದು ದೂರುವವರು ಅಲ್ಲಿ ಬಹಳ. ಆದರೆ ಎಲೆಗಳನ್ನು ಎಣಿಸಿ ನೋಡಿದರೆ ಅವು ಹೋದದ್ದು ಫುಟ್‌ಬಾಲ್ ಪಂಕ್ತಿಗೆ.

2020ರ ಒಂದು ಪ್ರಸಂಗ ಇದನ್ನು ಸ್ಪಷ್ಟಪಡಿಸುತ್ತದೆ. ಕೋವಿಡ್ ನಷ್ಟದ ಕಾರಣ ಹೇಳಿ ಅಯೋವಾ ವಿಶ್ವವಿದ್ಯಾನಿಲಯವು ಪುರುಷರ ಟೆನಿಸ್, ಪುರುಷರ ಜಿಮ್ನಾಸ್ಟಿಕ್ಸ್ ಹಾಗೂ ಪುರುಷ, ಮಹಿಳೆ ಎರಡೂ ಈಜು ತಂಡಗಳನ್ನು ರದ್ದು ಮಾಡುವುದಾಗಿ ಪ್ರಕಟಿಸಿತು. ಈಜುಗಾರ್ತಿಯರು ಟೈಟಲ್ ನೈನ್ ಹಿಡಿದು ನ್ಯಾಯಾಲಯಕ್ಕೆ ಹೋದರು. 2021ರಲ್ಲಿ ಅವರ ತಂಡ ಮರಳಿ ಬಂತು. ಟೆನಿಸ್ ಹುಡುಗರ ಕೈಯಲ್ಲಿ ಅಂಥ ಕಾನೂನು ಇರಲಿಲ್ಲ. ಅವರ ತಂಡ ಹೋಯಿತು.

ಲಾಟರಿ ಮತ್ತು ಟೆನಿಸ್

ಮೂಟೆ ಚಿಕ್ಕದಾದಾಗ ತರಬೇತುದಾರರು ಚತುರರಾಗುವುದು ಸಹಜ. ಅಂಕಗಳಿಗಾಗಿ ಸಿಗುವ ಪುರಸ್ಕಾರ ನಿಯಮಬದ್ಧವಾಗಿದ್ದರೆ ಆಟದ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಚೆನ್ನಾಗಿ ಓದುವ ಆಟಗಾರನನ್ನು ಕಂಡರೆ ತರಬೇತುದಾರನಿಗೆ ಎಲ್ಲಿಲ್ಲದ ಪ್ರೀತಿ! ಜಾರ್ಜಿಯಾ ರಾಜ್ಯ 1993ರಲ್ಲಿ ಲಾಟರಿ ಹಣದಿಂದ ತನ್ನ ಪ್ರತಿಭಾವಂತ ಮಕ್ಕಳಿಗೆ ‘ಹೋಪ್’ ವಿದ್ಯಾರ್ಥಿವೇತನ ಆರಂಭಿಸಿತು. ಸ್ಥಳೀಯ ಆಟಗಾರನ ಶುಲ್ಕ ಅದರಲ್ಲೇ ತೀರಿದರೆ, ಉಳಿದ ಮೂಟೆಯನ್ನು ಹೊರಗಿನ ಪ್ರತಿಭೆಗಳಿಗೆ ಅಳೆಯಬಹುದು. ಜಾರ್ಜಿಯಾ ವಿಶ್ವವಿದ್ಯಾನಿಲಯ 1999, 2001, 2007 ಮತ್ತು 2008ರಲ್ಲಿ ರಾಷ್ಟ್ರೀಯ ತಂಡ ಪ್ರಶಸ್ತಿ ಗೆದ್ದಿತು. ಲಾಟರಿಯೊಂದೇ ಕಾರಣವೆನ್ನಲಾಗದು, ಆದರೆ ಇಂಥ ಅನುಕೂಲವಿಲ್ಲದ ದುಬಾರಿ ಖಾಸಗಿ ಕಾಲೇಜುಗಳಿಗೆ ಸ್ಪರ್ಧೆ ಕಠಿಣವೆಂಬುದಂತೂ ನಿಜ.

ಇನ್ನೊಂದು ದಾರಿ ವಿದೇಶ. ಮೊದಲ ವಿಭಾಗದ ಟೆನಿಸ್ ಆಟಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರದೇಶದವರು. ನಾಲ್ಕೂವರೆಯಲ್ಲೇ ಗೆಲ್ಲಬೇಕಾದವನು ಬೆಳೆಯುವ ಸಸಿಗಿಂತ ಫಲ ಕೊಡುವ ಮರವನ್ನೇ ಹುಡುಕುತ್ತಾನಲ್ಲವೆ?

ಬದಲಾದ ಪಂಕ್ತಿ

2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ‘ಹೌಸ್’ ಮೊಕದ್ದಮೆಯ ರಾಜಿ ಒಪ್ಪಂದಕ್ಕೆ ಅನುಮೋದನೆ ನೀಡಿದರು. ಜುಲೈ 1ರಿಂದ, ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ವಿದ್ಯಾರ್ಥಿವೇತನದ ಮಿತಿ ಹೋಗಿ ತಂಡದ ಗಾತ್ರದ ಮಿತಿ ಬಂತು. ಟೆನಿಸ್‌ನಲ್ಲಿ ಪುರುಷರು 10, ಮಹಿಳೆಯರು 10. ಬೇಕಿದ್ದರೆ ಹತ್ತೂ ಮಂದಿಗೆ ಪೂರ್ತಿ ಕೊಡಬಹುದು. ನಾಲ್ಕೂವರೆಯಿಂದ ಹತ್ತಕ್ಕೆ!

ಹಿಗ್ಗುವ ಮುನ್ನ ‘ಕೊಡಬಹುದು’ ಎಂಬ ಪದವನ್ನು ಗಮನಿಸಿ, ಕೊಡಲೇಬೇಕು ಎಂದಿಲ್ಲ. ಮಹಿಳೆಯರ ‘ಸೀಟು’ ಪದ್ಧತಿಯೂ ಈ ಕಾಲೇಜುಗಳಲ್ಲಿ ಹೋಗಿ, ಅವರ ಪಾಲನ್ನೂ ಮೂಟೆಯಂತೆ ಅಳೆಯಬಹುದಾಗಿದೆ. ಅದೇ ಒಪ್ಪಂದದ ಪ್ರಕಾರ ಕಾಲೇಜುಗಳು ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು. ಈ ಹಣ ಹೆಚ್ಚಾಗಿ ಹರಿಯುವುದು ಆದಾಯ ತರುವ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಕಡೆಗೇ. ಶ್ರೀಮಂತ ಕಾಲೇಜು ಟೆನಿಸ್‌ಗೂ ಧಾರಾಳವಾಗಿ ಕೊಟ್ಟೀತು. ಬಡ ಕಾಲೇಜು ತಂಡವನ್ನೇ ಮುಚ್ಚೀತು. ಟೆಕ್ಸಾಸ್ ವಿಶ್ವವಿದ್ಯಾನಿಲಯದ ಎಲ್ ಪಾಸೊ ಕೇಂದ್ರ 2025ರಲ್ಲಿ ಮಹಿಳಾ ಟೆನಿಸ್ ತಂಡವನ್ನು ನಿಲ್ಲಿಸಿತು. ಎಲೆ ದೊಡ್ಡದಾಯಿತು, ಪಂಕ್ತಿ ಚಿಕ್ಕದಾಯಿತು ಎನ್ನಬೇಕೆ?

ನಮ್ಮವರಿಗೆ ಕಿವಿಮಾತು

ಮಗ ಅಥವಾ ಮಗಳಿಗೆ ಆಟ ಬಂದರೆ ಸಾಕು, ಗಣಿತ ವಿಜ್ಞಾನ ಹೇಗೋ ಆಗುತ್ತದೆ ಎಂದು ಒಂಬತ್ತನೆಯ ತರಗತಿಯಿಂದಲೇ ಶಾಲೆಗೆ ಚಕ್ಕರ್ ಹೊಡೆಸುವ ಪಾಲಕರನ್ನು ಉಪಾಧ್ಯಾಯನಾಗಿ ನಾನು ಬಲ್ಲೆ. ಅವರಿಗೆ ಈ ಮಾತು. ಮೊದಲ ವಿಭಾಗದಲ್ಲಿ ಆಡಲು ಪ್ರೌಢಶಾಲೆಯ ನಾಲ್ಕು ವರ್ಷಗಳಲ್ಲಿ, ಎಂದರೆ 9ರಿಂದ 12ನೆಯ ತರಗತಿಯವರೆಗೆ, 16 ಮುಖ್ಯ ವಿಷಯಗಳನ್ನು ಮುಗಿಸಿ ಸರಾಸರಿ 2.3 ಗ್ರೇಡ್ ಪಡೆದಿರಬೇಕು. ಇವುಗಳಲ್ಲಿ ಗಣಿತ ಮೂರು ವರ್ಷ, ವಿಜ್ಞಾನ ಎರಡು ವರ್ಷ ಕಡ್ಡಾಯ. ಒಂಬತ್ತನೆಯ ತರಗತಿಯ ಅಂಕಪಟ್ಟಿಯೂ ಸಮುದ್ರ ದಾಟುತ್ತದೆ!

ಶಾಲೆ ಮುಗಿದ ಬಳಿಕ ವರ್ಷಗಟ್ಟಲೆ ಟೂರ್ನಿ ಆಡುತ್ತ ಕೂತವರಿಗೂ ಎನ್.ಸಿ.ಎ.ಎ. ದಂಡ ವಿಧಿಸುತ್ತ ಬಂದಿದೆ. ಟೆನಿಸ್‌ನಲ್ಲಿ ಆರು ತಿಂಗಳ ವಾಯಿದೆ ಮೀರಿದರೆ ಕಾಲೇಜಿನಲ್ಲಿ ಆಡುವ ವರ್ಷಗಳೇ ಕಡಿತವಾಗುತ್ತಿದ್ದವು. ಬಹುಮಾನದ ಹಣಕ್ಕೂ ಬಹುಕಾಲ ಕಟ್ಟುನಿಟ್ಟಿನ ಮಿತಿಯಿತ್ತು. ಇಂಥ ನಿಯಮಗಳು ನ್ಯಾಯಾಲಯದ ಮೆಟ್ಟಿಲೇರಿ ಬದಲಾಗುತ್ತಿರುವ ಕಾಲವಿದು. ಆದ್ದರಿಂದ ಹೊರಡುವ ವರ್ಷದ ನಿಯಮವನ್ನೇ ಓದಬೇಕು, ಹಿಂದೆ ಹೋದವರ ಅನುಭವವನ್ನಲ್ಲ.

ತರಬೇತುದಾರರು ದೂರವಾಣಿಯಲ್ಲಿ ‘ವಿದ್ಯಾರ್ಥಿವೇತನ ಕೊಡುತ್ತೇವೆ’ ಎಂದರೆ ಮೂರು ಪ್ರಶ್ನೆ ಕೇಳಿ. ಶೇಕಡಾ ಎಷ್ಟು? ಎಷ್ಟು ವರ್ಷಕ್ಕೆ? ಗಾಯವಾಗಿ ಆಡಲಾಗದಿದ್ದರೆ ಏನು? ಉತ್ತರ ಬರಹದಲ್ಲಿರಲಿ, ಒಂದೇ ವರ್ಷಕ್ಕೆ ಕೊಟ್ಟು ಪ್ರತಿವರ್ಷ ನವೀಕರಿಸುವ ಪದ್ಧತಿ ಅಲ್ಲಿ ಹಳೆಯದು. ವಿದ್ಯಾರ್ಥಿ ವೀಸಾದಲ್ಲಿ ಹೋದವರು ಹೊರಗೆ ದುಡಿದು ಕೊರತೆ ತುಂಬಿಸಿಕೊಳ್ಳುವಂತೆಯೂ ಇಲ್ಲ.

ಕಾಲೇಜು ಟೆನಿಸ್ ಆಡಿದ ಬಹುಪಾಲು ಮಕ್ಕಳು ವೃತ್ತಿಪರ ಆಟಗಾರರಾಗುವುದಿಲ್ಲ. ಅವರಿಗೆ ಕೊನೆಗೆ ಉಳಿಯುವುದು ಪದವಿ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕೈಯಲ್ಲಿ ಒಳ್ಳೆಯ ಪದವಿ, ಮೈಯಲ್ಲಿ ಆಟದ ಕಸುವು, ತಲೆಯ ಮೇಲೆ ಸಾಲವಿಲ್ಲ ಎನ್ನುವುದಾದರೆ ಅದೂ ದೊಡ್ಡ ಗೆಲುವೇ. ಆ ಕೊನೆಯ ಮಾತು, ಸಾಲವಿಲ್ಲ ಎನ್ನುವುದು, ನಿಜವಾಗಬೇಕಾದರೆ ವಿಮಾನ ಹತ್ತುವ ಮೊದಲೇ ಲೆಕ್ಕ ಮಾಡಬೇಕು.