ಹೇಳಿದ್ದೊಂದು, ಬಂದದ್ದೊಂದು

ನಮ್ಮ ಚಳ್ಳಕೆರೆ ಸೀಮೆಯ ರೈತ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಆಮೇಲೆಯೇ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ಮೊಬೈಲಿನಲ್ಲಿ ಹಳೆಯ ಸಾಮಾನು ಕೊಳ್ಳುವವರಿಗೆ ಈ ಅನುಕೂಲವಿಲ್ಲ. ಅವರಿಗೆ ಕಾಣುವುದು ಒಂದು ಫೋಟೊ, ನಾಲ್ಕು ಸಾಲು ವಿವರ. ಆ ನಾಲ್ಕು ಸಾಲೇ ಸುಳ್ಳಾದರೆ?

ಬ್ಯಾಂಕಿನಿಂದ ನಿವೃತ್ತನಾದ ಮೇಲೂ ಅರ್ಜಿ ಬರೆಸಿಕೊಳ್ಳಲು ನನ್ನ ಬಳಿ ಜನ ಬರುತ್ತಾರೆ. ಕಳೆದ ವರ್ಷ ಮೊಳಕಾಲ್ಮೂರಿನ ನೇಕಾರರ ಮನೆಯ ತಾಯಿಯೊಬ್ಬರು ಪಿಯುಸಿ ಓದುವ ಮಗಳೊಂದಿಗೆ ಬಂದರು. ಸೀರೆ ನೇಯ್ದ ಕೂಲಿಯಲ್ಲಿ ಉಳಿಸಿದ 9,000 ರೂಪಾಯಿ ಕೊಟ್ಟು, ಆನ್‌ಲೈನ್ ಮಾರಾಟ ತಾಣದಲ್ಲಿದ್ದ ಅಂಗಡಿಯೊಂದರಿಂದ ಮಗಳಿಗೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತರಿಸಿದ್ದರು. ‘ಬ್ಯಾಟರಿ ಹೊಸದು, ನಾಲ್ಕು ಗಂಟೆ ಬರುತ್ತದೆ’ ಎಂದು ಜಾಹೀರಾತಿನಲ್ಲಿತ್ತು. ಬಂದದ್ದು ಚಾರ್ಜರ್ ತೆಗೆದ ಕೂಡಲೇ ಆರಿಹೋಗುತ್ತಿತ್ತು. ಕೇಳಿದರೆ, “ಹಳೇ ಸಾಮಾನಮ್ಮಾ, ವಾಪಸ್ ಇಲ್ಲ” ಎಂಬ ಉತ್ತರ.

ಹಳೆಯದು ಬೇರೆ, ಸುಳ್ಳು ಬೇರೆ

ಈ ಉತ್ತರ ಸರಿಯಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ವಿವರ ಹೇಳಿ ಮಾರಿದ ವಸ್ತು ಆ ವಿವರಕ್ಕೆ ಹೊಂದಿಕೆಯಾಗಲೇಬೇಕು. ಹೊಸ ವಸ್ತುವಿಗೆ ಮಾತ್ರ ಈ ಮಾತು ಎಂದು ಕಾಯ್ದೆಯಲ್ಲಿಲ್ಲ. 2020ರ ಇ-ವಾಣಿಜ್ಯ ನಿಯಮಗಳೂ ಇದನ್ನೇ ಹೇಳುತ್ತವೆ: ಜಾಹೀರಾತಿನಲ್ಲಿ ಹೇಳಿದ ಗುಣವಿಲ್ಲದ ವಸ್ತುವನ್ನು ವಾಪಸ್ ಪಡೆಯಲು, ಹಣ ಹಿಂತಿರುಗಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ.

ಬಿ.ಕಾಂ. ಓದುವಾಗ ನಮಗೆ 1872ರ ಕರಾರು ಕಾಯ್ದೆ ಪಾಠವಾಗಿತ್ತು. ಅದರಲ್ಲೊಂದು ಕುದುರೆಯ ಉದಾಹರಣೆ ಬರುತ್ತದೆ. ಕುದುರೆಗೆ ದೋಷವಿದೆ ಎಂದು ಗೊತ್ತಿದ್ದೂ ಹರಾಜಿನಲ್ಲಿ ಮಾರುವವನು ಸುಮ್ಮನಿದ್ದರೆ, ಬರಿಯ ಮೌನ ವಂಚನೆಯಲ್ಲ. ಆದರೆ ಕೊಳ್ಳುವವನು, ‘ನೀನು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ’ ಎಂದಾಗಲೂ ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮ. ಆದ್ದರಿಂದ ಮಕ್ಕಳೇ, ಕೊಳ್ಳುವ ಮೊದಲು ಕೇಳಿ. ಫೋನಿನಲ್ಲಿ ಕೇಳಿದರೆ ಸಾಲದು, ಸಂದೇಶ ಬರೆದು ಕೇಳಿ. ‘ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ರಿಪೇರಿ ಆಗಿದೆಯೇ? ಮೂಲ ಬಿಲ್ ಇದೆಯೇ?’ ಆ ಉತ್ತರವೇ ನಾಳೆ ನಿಮ್ಮ ಸಾಕ್ಷಿ.

ದೂರು ಹೇಗೆ?

ಆ ತಾಯಿ ಮಗಳು ಮಾಡಿದ್ದನ್ನೇ ಕ್ರಮವಾಗಿ ಹೇಳುತ್ತೇನೆ.

1. ಜಾಹೀರಾತಿನ ಸ್ಕ್ರೀನ್‌ಶಾಟ್, ಹಣ ಕಟ್ಟಿದ ರಸೀದಿ, ಪೊಟ್ಟಣ ಬಿಚ್ಚಿದಾಗ ತೆಗೆದ ವಿಡಿಯೊ ಒಂದೆಡೆ ಇಟ್ಟರು. ಪುಣ್ಯಕ್ಕೆ ಮಗಳು ಇವನ್ನೆಲ್ಲ ಅಳಿಸಿರಲಿಲ್ಲ.

2. ಮಾರಾಟಗಾರನಿಗೆ ಚಿಕ್ಕ ಪತ್ರ ಬರೆದೆವು. ಏನು ಹೇಳಿದ್ದಿರಿ, ಏನು ಬಂತು, ನಮಗೆ ಏನಾಗಬೇಕು, ಯಾವ ದಿನದೊಳಗೆ, ಇಷ್ಟೇ. ಬೈಗುಳ ಬರೆದರೆ ದೂರಿನ ತೂಕ ಕಡಿಮೆಯಾಗುತ್ತದೆ.

3. ಉತ್ತರ ಬರಲಿಲ್ಲ. ತಾಣದ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟೆವು. ಅವರು 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಮೂರನೇ ವಾರದಲ್ಲಿ ಲ್ಯಾಪ್‌ಟಾಪ್ ವಾಪಸ್ ಹೋಯಿತು, ಹಣ ಖಾತೆಗೆ ಬಂತು. ಬಾರದಿದ್ದರೆ ಇನ್ನೂ ದಾರಿಗಳಿದ್ದವು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲೂ ಆಗದಿದ್ದರೆ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗ. ಮಾರಿದವನು ದೆಹಲಿಯಲ್ಲಿದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ಎರಡು ವರ್ಷದೊಳಗೆ ಸಲ್ಲಿಸಬೇಕು.

ಮಾರಿದವರು ಅಂಗಡಿಯವರಲ್ಲದಿದ್ದರೆ?

ಮನೆಯಲ್ಲಿದ್ದ ಒಂದು ಹಳೆಯ ಸೈಕಲ್ ಮಾರುವವರಿಗೆ ಇ-ವಾಣಿಜ್ಯ ನಿಯಮಗಳು ಅನ್ವಯಿಸುವುದಿಲ್ಲ. ಆಗ ಉಳಿಯುವುದು ಕರಾರು ಕಾಯ್ದೆ, ಸರಕು ಮಾರಾಟ ಕಾಯ್ದೆ. ಇಂಥ ಸಣ್ಣ ವ್ಯಾಜ್ಯಕ್ಕೆ ಎದುರುಬದುರು ಕೂತು ಮಾತಾಡುವುದೇ ಮೇಲು. ನಮ್ಮ ಬೀದಿಯ ಹುಡುಗನೊಬ್ಬ ಕೊಂಡ ಸೈಕಲಿನ ಫ್ರೇಮು ಮುರಿದು ಬೆಸುಗೆ ಹಾಕಿದ್ದಾಗಿತ್ತು. ಎರಡೂ ಮನೆಯವರು ಕೂತು, ಜಾಹೀರಾತು ನೋಡಿ, 800 ರೂಪಾಯಿ ಹಿಂದೆ ಕೊಡಿಸಿ ಮುಗಿಸಿದರು. ಮಾತಿಗೆ ಬಗ್ಗದಿದ್ದರೆ ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಕರೆ ಮಾಡಿ ಲೋಕ ಅದಾಲತ್ ಬಗ್ಗೆ ವಿಚಾರಿಸಿ. ಹಣ ಪಡೆದು ವಸ್ತುವನ್ನೇ ಕಳಿಸದೆ ಮಾಯವಾದವರ ಮೇಲೆ ತಡಮಾಡದೆ 1930ಕ್ಕೆ ದೂರು ಕೊಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ ಎಂಬುದೂ ನೆನಪಿರಲಿ. ‘ಮರುಪಾವತಿಗೆ ಪಿನ್ ಒತ್ತಿ’ ಎನ್ನುವವನು ಮೋಸಗಾರ.

ಇನ್ನೊಂದು ಮಾತು. 18 ವರ್ಷ ತುಂಬದವರು ಮಾಡಿದ ಕರಾರಿಗೆ ಕಾನೂನಿನ ಬಲವಿಲ್ಲ. ಏನೇ ಕೊಳ್ಳುವುದಿದ್ದರೂ ಅಪ್ಪ ಅಮ್ಮನ ಹೆಸರಿನಲ್ಲೇ, ಅವರಿಗೆ ತೋರಿಸಿಯೇ ಕೊಳ್ಳಿ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಬಿ.ಎಲ್. ರೈಸ್ 1892ರಲ್ಲಿ ಅದನ್ನು ಬೆಳಕಿಗೆ ತಂದರು. ತಾಯಿ ತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎಂದು ಆ ಬಂಡೆಯ ಮೇಲಿದೆ. ನಾಳೆ ನಿಮ್ಮ ಹಳೆಯ ಸೈಕಲನ್ನು ನೀವೇ ಮಾರುವ ದಿನ ಬಂದೀತು. ಅಂದು ಬೆಲ್ಲು ಚೆನ್ನಾಗಿದೆ ಎಂದು ಬರೆಯುವ ಕೈ, ಬ್ರೇಕು ಹಿಡಿಯುವುದಿಲ್ಲ ಎಂದೂ ಬರೆಯಲಿ.